ಅಮ್ಮನ ಬೆಳ್ಳಿ ರೂಪಾಯಿಗಳನ್ನು ಮಾರಿದ ಲೆಕ್ಕ

ಊರಿನ ಮನೆಯ ಹೆಂಚು ಇಳಿಸಿ ಮರಮುಟ್ಟು ಬದಲಿಸುವ ಕೆಲಸಕ್ಕೆ ಹಣ ಸಾಲದೆ ಬಂದಾಗ ಅಮ್ಮ ತಾನಾಗಿಯೇ ಕೋಣೆಯ ಅಟ್ಟದಿಂದ ಹಿತ್ತಾಳೆಯ ಚೊಂಬೊಂದನ್ನು ಇಳಿಸಿದಳು. ಅದರ ಬಾಯಿಗೆ ಬಿಗಿದಿದ್ದ ಬಟ್ಟೆ ಬಿಚ್ಚಿದಾಗ ಒಳಗೆ ಇದ್ದದ್ದು ಬೆಳ್ಳಿ ರೂಪಾಯಿಗಳು. ಅಜ್ಜಿ ಅಡಿಕೆ ಮಾರಿದಾಗೊಮ್ಮೆ, ಮಗು ಹುಟ್ಟಿದಾಗೊಮ್ಮೆ ಒಂದೊಂದಾಗಿ ಕೂಡಿಟ್ಟದ್ದು, ಆಮೇಲೆ ಅಮ್ಮ ಒಂದನ್ನೂ ಮುಟ್ಟದೆ ಕಾಪಾಡಿಕೊಂಡು ಬಂದದ್ದು. ಎಣಿಸಿದಾಗ 59 ಇದ್ದವು. ಇವನ್ನು ಮಾರುವ ಹೊಣೆ ನನ್ನ ಮೇಲೆ ಬಿತ್ತು. ನನಗೆ ಆಗ ಬೆಳ್ಳಿಯ ವ್ಯಾಪಾರದ ಬಗ್ಗೆ ಏನೂ ಗೊತ್ತಿರಲಿಲ್ಲ. ಈಗ ಸ್ವಲ್ಪ ಗೊತ್ತಾಗಿದೆ, ಮತ್ತು ಅದನ್ನು ತಿಳಿದುಕೊಳ್ಳುವ ಮೊದಲೇ ಮಾರಿಬಿಟ್ಟಿದ್ದರೆ ಅಜ್ಜಿಯ ಗಂಟಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಸುಮ್ಮನೆ ಕಳೆದುಕೊಳ್ಳುತ್ತಿದ್ದೆವು. ಅದಕ್ಕಾಗಿಯೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹೋದದ್ದು ನಮ್ಮ ತಾಲ್ಲೂಕು ಕೇಂದ್ರದ ಒಂದು ಅಂಗಡಿಗೆ. ನಾನು ಚೀಲ ಕೊಟ್ಟ ಕೂಡಲೇ ಅಂಗಡಿಯವರು ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದರು. ನಾಲ್ಕು ನಾಣ್ಯಗಳನ್ನು ಬೆರಳ ತುದಿಯಿಂದ ಪಕ್ಕಕ್ಕೆ ತಳ್ಳಿ “ಇವು ಬೆಳ್ಳಿ ಅಲ್ಲಮ್ಮ” ಎಂದರು. ಅದು ನಿಜವೇ ಆಗಿತ್ತು. ಉಳಿದದ್ದನ್ನು ತೂಕಕ್ಕಿಟ್ಟು, ಯಾವುದೋ ಒಂದು ನಾಣ್ಯವನ್ನು ಎತ್ತಿ ಒರೆಗಲ್ಲಿಗೆ ಉಜ್ಜಿ, “ಹಳೇ ಮಾಲು, ಅರವತ್ತು ಟಚ್ ಬರುತ್ತೆ, ಇವತ್ತಿನ ರೇಟಿಗೆ ಐದು ಪರ್ಸೆಂಟ್ ಕಡಿಮೆ” ಎಂದರು. ಅವರು ಉಜ್ಜಿದ್ದು ಯಾವ ನಾಣ್ಯವೆಂದು ನಾನು ನೋಡಿರಲಿಲ್ಲ. ಅರವತ್ತು ಎಂದರೆ ಯಾವುದರ ಅರವತ್ತು ಎಂದು ಕೇಳುವ ತಿಳಿವಳಿಕೆಯೂ ಇರಲಿಲ್ಲ. ಟಚ್ ಎಂದರೆ ನೂರು ಪಾಲು ತೂಕದಲ್ಲಿ ಎಷ್ಟು ಪಾಲು ಶುದ್ಧ ಬೆಳ್ಳಿ ಎಂಬ ಲೆಕ್ಕವೆಂದು ಆಮೇಲೆ ತಿಳಿಯಿತು. ಆದರೂ ಅಮ್ಮ ಜೊತೆಯಲ್ಲಿದ್ದಳು, ಅವಳು ಚೀಲದ ಬಾಯಿ ಹಿಡಿದುಕೊಂಡು “ಯೋಚನೆ ಮಾಡಿ ಬರ್ತೀವಿ ಅಣ್ಣ” ಎಂದುಬಿಟ್ಟಳು. ಆ ಒಂದು ಮಾತು ನಮ್ಮನ್ನು ಕಾಯಿತು.

ಮನೆಗೆ ಬಂದು ಹಾಸಿಗೆಯ ಮೇಲೆ ಬಿಳಿ ಪಂಚೆ ಹರಡಿ ನಾಣ್ಯಗಳನ್ನು ಇಸವಿಯ ಪ್ರಕಾರ ಜೋಡಿಸಲು ಕುಳಿತಾಗ ಮೊದಲು ಅರ್ಥವಾದದ್ದೆಂದರೆ, ‘ಬೆಳ್ಳಿ ರೂಪಾಯಿ’ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ವಾಸ್ತವದಲ್ಲಿ ಒಂದೇ ವಸ್ತುವಲ್ಲ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ತನ್ನ ಆಡಳಿತದ ಪ್ರದೇಶಗಳಿಗೆಲ್ಲ ಒಂದೇ ಬಗೆಯ ರೂಪಾಯಿಯನ್ನು ತಂದಾಗ ಅದರ ತೂಕವನ್ನು 180 ಗ್ರೇನ್, ಅಂದರೆ ಇಂದಿನ ಲೆಕ್ಕದಲ್ಲಿ 11.66 ಗ್ರಾಂ ಎಂದು ನಿಗದಿ ಮಾಡಿತು. ಅದೇ ಒಂದು ತೊಲ. ನಮ್ಮ ಅಜ್ಜಿಯರು ಔಷಧಿಗೆ, ಬಂಗಾರಕ್ಕೆ ‘ಒಂದು ರೂಪಾಯಿ ತೂಕ’ ಎನ್ನುತ್ತಿದ್ದದ್ದು ಬಾಯಿಮಾತಲ್ಲ, ನಾಣ್ಯವೇ ತೂಕದ ಬಟ್ಟಾಗಿತ್ತು. ಆ ತೂಕದಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೇರೆ ಲೋಹ. ಶೇಕಡಾ ಲೆಕ್ಕದಲ್ಲಿ 91.7. ಅಂದರೆ ಸವೆಯದ ಒಂದು ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. ವಿಕ್ಟೋರಿಯಾ ರಾಣಿಯದ್ದು, ಏಳನೆಯ ಎಡ್ವರ್ಡ್‌ನದ್ದು, ಐದನೆಯ ಜಾರ್ಜ್‌ನದ್ದು, ಆರನೆಯ ಜಾರ್ಜ್‌ನ ಮೊದಲ ಎರಡು ಇಸವಿಗಳಾದ 1938 ಮತ್ತು 1939ರದ್ದು, ಎಲ್ಲವೂ ಇದೇ ಅಳತೆಯವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಅಳತೆ ಮುರಿಯಿತು. 1940ರಿಂದ 1945ರವರೆಗೆ ಅಚ್ಚಾದ ರೂಪಾಯಿಗಳಲ್ಲಿ ಅರ್ಧದಷ್ಟು ಮಾತ್ರ ಬೆಳ್ಳಿ. ತೂಕ ಮಾತ್ರ ಅದೇ 11.66 ಗ್ರಾಂ. ನಮ್ಮ ಚೊಂಬಿನಲ್ಲಿ ಇಂಥವು 15 ಇದ್ದವು. ಇಸವಿ ಸವೆದು ಓದಲಾಗದಿದ್ದರೆ ಅಂಚನ್ನು ನೋಡಬೇಕು: ಹಳೆಯ ರೂಪಾಯಿಯ ಅಂಚಿನಲ್ಲಿ ನೇರ ಗೀರುಗಳಷ್ಟೇ ಇರುತ್ತವೆ, ಯುದ್ಧಕಾಲದ ರೂಪಾಯಿಯ ಅಂಚಿನಲ್ಲಿ ಆ ಗೀರುಗಳ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆಯಂತಹ ಗೆರೆ ಓಡುತ್ತದೆ. ಖೋಟಾ ನಾಣ್ಯ ಮಾಡುವವರಿಗೆ ಕಷ್ಟವಾಗಲೆಂದು ಮಾಡಿದ ಏರ್ಪಾಡು ಅದು. ಉಗುರನ್ನು ಅಂಚಿನ ಮೇಲೆ ಅಡ್ಡಲಾಗಿ ಎಳೆದರೆ ಆ ಗೆರೆ ಕೈಗೆ ಸಿಗುತ್ತದೆ. ಅಮ್ಮನಿಗೆ ಕಣ್ಣು ಮಂಜಾಗಿದ್ದರೂ ಈ ಪರೀಕ್ಷೆಯನ್ನು ನನಗಿಂತ ಚೆನ್ನಾಗಿ ಮಾಡಿದಳು.

1947ರ ರೂಪಾಯಿಗಳಲ್ಲಿ ಬೆಳ್ಳಿಯೇ ಇಲ್ಲ, ಅವು ನಿಕ್ಕಲ್. ಅಂಗಡಿಯವರು ಪಕ್ಕಕ್ಕೆ ತಳ್ಳಿದ ನಾಲ್ಕು ನಾಣ್ಯಗಳು ಇವೇ. ಹಿಂಬದಿಯಲ್ಲಿ ಹುಲಿಯ ಚಿತ್ರವಿದ್ದ 1947ರ ನಾಣ್ಯದ ಬಳಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತವನ್ನು ಹಿಡಿದಾಗ ನಾಣ್ಯ ಪಂಚೆಯ ಮೇಲಿಂದ ಟಪ್ಪೆಂದು ಎದ್ದು ಅಂಟಿಕೊಂಡಿತು. ಬೆಳ್ಳಿಗೆ ಅಯಸ್ಕಾಂತ ಅಂಟುವುದಿಲ್ಲ. ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬೆಳ್ಳಿಯೆಂದು ಪೂಜೆ ಮಾಡಿದ್ದ ನಾಣ್ಯ ಬೆಳ್ಳಿಯಲ್ಲ ಎಂದು ತಿಳಿದಾಗ ಅಮ್ಮನ ಮುಖ ಸ್ವಲ್ಪ ಸಪ್ಪಗಾಯಿತು.

ಗುಂಪಿನಲ್ಲಿ ಇನ್ನೊಂದು ಬೇರೆಯದು ಇತ್ತು. 1969ರಲ್ಲಿ ಗಾಂಧೀಜಿಯವರ ಜನ್ಮಶತಮಾನೋತ್ಸವಕ್ಕೆ ಭಾರತ ಸರ್ಕಾರ ಹೊರತಂದ 10 ರೂಪಾಯಿಯ ನಾಣ್ಯ. ಅದು 15 ಗ್ರಾಂ ತೂಕದ್ದು, ನೂರಕ್ಕೆ 80 ಪಾಲು ಬೆಳ್ಳಿ, ಅಂದರೆ 12 ಗ್ರಾಂ. ಕಲಬುರಗಿ, ಬೀದರ್, ರಾಯಚೂರು ಕಡೆಯ ಮನೆಗಳಲ್ಲಿ ಚಾರ್‌ಮಿನಾರ್ ಚಿತ್ರವಿರುವ ನಿಜಾಮರ ಹಾಲಿ ಸಿಕ್ಕಾ ರೂಪಾಯಿಗಳೂ ಇರುತ್ತವೆ. ಅವು ಬ್ರಿಟಿಷ್ ರೂಪಾಯಿಗಿಂತ ತುಸು ಹಗುರ, ಸುಮಾರು 11.18 ಗ್ರಾಂ, ಶುದ್ಧತೆಯೂ ಕಡಿಮೆ, ಹಳೆಯವಕ್ಕೆ ನೂರಕ್ಕೆ 81.8. ಅವನ್ನು ರಾಣಿ ರೂಪಾಯಿಯ ಜೊತೆ ಬೆರೆಸಿ ತೂಕ ಹಾಕಿಸಿದರೆ ಒಂದರ ಲೆಕ್ಕ ಇನ್ನೊಂದನ್ನು ಕೆಡಿಸುತ್ತದೆ.

ಹೀಗೆ ವಿಂಗಡಿಸಿದ ಮೇಲೆ ಊರಿನಲ್ಲಿ ಪರಿಚಯವಿದ್ದ ಅಕ್ಕಸಾಲಿಗರ ತಕ್ಕಡಿಯಲ್ಲಿ ಪ್ರತಿ ಗುಂಪನ್ನೂ ಬೇರೆ ಬೇರೆಯಾಗಿ ತೂಗಿಸಿದೆ. ನೂರಕ್ಕೆ 91.7ರ ಗುಂಪಿನಲ್ಲಿ 39 ನಾಣ್ಯಗಳಿದ್ದವು. ಅದರಲ್ಲಿ ಒಂದನ್ನು ಬೇರೆ ಕಾರಣಕ್ಕೆ ತೆಗೆದಿಟ್ಟೆ, ಅದನ್ನು ಮುಂದೆ ಹೇಳುತ್ತೇನೆ. ಉಳಿದ 38ರ ತೂಕ 443 ಗ್ರಾಂ ಇರಬೇಕಿತ್ತು, ಬಂದದ್ದು 438.6. ಕೈಯಿಂದ ಕೈಗೆ ಹೋಗಿ ಸವೆದದ್ದು ನಾಲ್ಕೂವರೆ ಗ್ರಾಂ. ಈ ಸವೆತ ಸಹಜ, ಇದನ್ನು ವರ್ತಕರ ಮೇಲೆ ಹೊರಿಸಲಾಗದು. ಅದರಲ್ಲಿನ ಶುದ್ಧ ಬೆಳ್ಳಿ 402 ಗ್ರಾಂ. ಅರ್ಧ ಬೆಳ್ಳಿಯ 15 ನಾಣ್ಯಗಳು 173.4 ಗ್ರಾಂ ತೂಗಿದವು, ಶುದ್ಧ ಬೆಳ್ಳಿ 86.7 ಗ್ರಾಂ. ಗಾಂಧಿ ನಾಣ್ಯದ 12 ಗ್ರಾಂ ಸೇರಿಸಿದರೆ ಒಟ್ಟು 500.7 ಗ್ರಾಂ ಶುದ್ಧ ಬೆಳ್ಳಿ.

ಬೆಳ್ಳಿಯ ದರ ದಿನದಿನಕ್ಕೆ ಬದಲಾಗುವುದರಿಂದ ಲೆಕ್ಕ ಎಲ್ಲರಿಗೂ ತಿಳಿಯಲೆಂದು ಗ್ರಾಂಗೆ 100 ರೂಪಾಯಿ ಎಂದು ಇಟ್ಟುಕೊಳ್ಳುತ್ತೇನೆ. ಆಗ ನಮ್ಮ ಗಂಟಿನ ಲೋಹದ ಬೆಲೆ 50,070 ರೂಪಾಯಿ. ಮೊದಲ ಅಂಗಡಿಯವರ ಮಾತನ್ನು, ತೆಗೆದಿಟ್ಟ ಆ ಒಂದು ನಾಣ್ಯವನ್ನು ಬಿಟ್ಟು, ಇದೇ ನಾಣ್ಯಗಳಿಗೆ ಅನ್ವಯಿಸಿದರೆ 627 ಗ್ರಾಂ ತೂಕಕ್ಕೆ ಅರವತ್ತು ಟಚ್, ಅಂದರೆ 376.2 ಗ್ರಾಂ, ಗ್ರಾಂಗೆ 95ರಂತೆ 35,739 ರೂಪಾಯಿ. ವ್ಯತ್ಯಾಸ 14,331. ದರದಲ್ಲಿ ಅವರು ಬಿಟ್ಟುಕೊಂಡದ್ದು ಬರೀ ಐದು ಪರ್ಸೆಂಟ್, ಅದನ್ನು ಬಾಯಿಬಿಟ್ಟು ಹೇಳಿದ್ದರು. ಉಳಿದ ನಷ್ಟವೆಲ್ಲ ಆ ‘ಅರವತ್ತು’ ಎಂಬ ಒಂದು ಪದದೊಳಗೆ ಅಡಗಿತ್ತು. ನಮ್ಮ ಗಂಟಿನ ನಿಜವಾದ ಸರಾಸರಿ ಶುದ್ಧತೆ ನೂರಕ್ಕೆ ಸುಮಾರು 80 ಇತ್ತು.

ನಾನು ಕಲಿತದ್ದು ಇದನ್ನೇ. ನಾವು ದರವನ್ನು ಕೇಳುತ್ತೇವೆ, ದರದ ಮೇಲೆ ಚೌಕಾಸಿ ಮಾಡುತ್ತೇವೆ, ಪಕ್ಕದ ಅಂಗಡಿಗಿಂತ ಎರಡು ರೂಪಾಯಿ ಹೆಚ್ಚು ಹೇಳಿದರೆ ಸಂತೋಷಪಡುತ್ತೇವೆ. ಆದರೆ ಬೆಲೆ ನಿರ್ಧಾರವಾಗುವುದು ತೂಕ, ಶುದ್ಧತೆ, ದರ ಎಂಬ ಮೂರು ಅಂಕಿಗಳ ಗುಣಾಕಾರದಿಂದ. ಮೂರರಲ್ಲಿ ದರವೊಂದೇ ಎಲ್ಲರಿಗೂ ಕಾಣುವಂಥದ್ದು, ಆದ್ದರಿಂದ ಅಲ್ಲಿ ಮೋಸ ಕಡಿಮೆ. ಶುದ್ಧತೆಯನ್ನು ನಾವು ಮೊದಲೇ ತಿಳಿದು ಹೋದರೆ ಮಾತುಕತೆಯೇ ಬದಲಾಗುತ್ತದೆ. ಅಂಗಡಿಯವರು ಕೊಡುವ ಒಟ್ಟು ಹಣವನ್ನು ನಮ್ಮ ಶುದ್ಧ ಬೆಳ್ಳಿಯ ಗ್ರಾಂಗಳಿಂದ ಭಾಗಿಸಿ, ಬಂದ ಅಂಕಿಯನ್ನು ಅಂದಿನ ದರದ ಪಕ್ಕದಲ್ಲಿಟ್ಟು ನೋಡಿದರೆ ಅಂಗಡಿಯಿಂದ ಅಂಗಡಿಗೆ ಹೋಲಿಕೆ ಸುಲಭ. ಮೊದಲ ಅಂಗಡಿಯ ಮಾತನ್ನು ಹೀಗೆ ಭಾಗಿಸಿದಾಗ ನೂರು ರೂಪಾಯಿಯ ಬೆಳ್ಳಿಗೆ 71 ರೂಪಾಯಿ ಮಾತ್ರ ಬರುತ್ತಿತ್ತು.

ಆದರೂ ದರದ ಬಗ್ಗೆ ಎರಡು ಮಾತು ಹೇಳಲೇಬೇಕು. ಪತ್ರಿಕೆಗಳ ‘ಚಿನಿವಾರ ಪೇಟೆ’ ಅಂಕಣದಲ್ಲಿ ಬರುವ ಬೆಳ್ಳಿಯ ದರವಾಗಲಿ, ಮುಂಬೈಯ ಇಂಡಿಯಾ ಬುಲಿಯನ್ ಆ್ಯಂಡ್ ಜ್ಯುವೆಲರ್ಸ್ ಅಸೋಸಿಯೇಷನ್ ಬೆಳಿಗ್ಗೆ ಮತ್ತು ಸಂಜೆ ಪ್ರಕಟಿಸುವ ದರವಾಗಲಿ ಶುದ್ಧ ಬೆಳ್ಳಿಯದ್ದು, ಸಾಮಾನ್ಯವಾಗಿ ಕಿಲೋ ಲೆಕ್ಕದ್ದು. ಅಂಗಡಿಯ ಬೋರ್ಡಿನಲ್ಲಿ ಬರೆದಿರುವುದು ಅವರು ಮಾರುವ ದರ. ಕೊಳ್ಳುವ ದರ ಬೇರೆ ಇರುತ್ತದೆ, ಅದು ತಪ್ಪೂ ಅಲ್ಲ. ‘ಹಳೇ ಬೆಳ್ಳಿ ದರ’ ಎಂದು ಹೇಳಿ ದರದಲ್ಲೂ ಕಡಿಮೆ ಮಾಡಿ, ಆಮೇಲೆ ಶುದ್ಧತೆಯಲ್ಲೂ ಕಡಿಮೆ ಮಾಡಿದರೆ ಮಾತ್ರ ಅದು ಒಂದೇ ಕಾರಣಕ್ಕೆ ಎರಡು ಸಲ ಕಳೆದಂತೆ. ಹಾಗಾಗಿ “ಶುದ್ಧ ಬೆಳ್ಳಿಗೆ ನೀವು ಕೊಳ್ಳುವ ದರ ಎಷ್ಟು?” ಎಂದೇ ಕೇಳಬೇಕು. ದರ ಏರುಪೇರಾಗುತ್ತಿರುವ ದಿನಗಳಲ್ಲಿ ಅಂಗಡಿಗಳನ್ನು ಒಂದೇ ದಿನ ಸುತ್ತಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ವರ್ತಕರ ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಅವರು ಕೊಂಡ ನಾಣ್ಯವನ್ನು ಕರಗಿಸಿ ಶುದ್ಧ ಮಾಡಿಸಲು ಕೂಲಿ ಕೊಡಬೇಕು, ಕರಗಿಸುವಾಗ ಸ್ವಲ್ಪ ಲೋಹ ಹೋಗುತ್ತದೆ, ಶುದ್ಧಿಯಾಗಿ ಬರುವ ಹೊತ್ತಿಗೆ ದರ ಇಳಿದಿದ್ದರೆ ನಷ್ಟ ಅವರದ್ದೇ, ಅಂಗಡಿಯ ಬಾಡಿಗೆ ಬೇರೆ. ನೂರಕ್ಕೆ 50ರ ನಾಣ್ಯವನ್ನು ಶುದ್ಧ ಮಾಡಲು 91.7ರ ನಾಣ್ಯಕ್ಕಿಂತ ಹೆಚ್ಚು ಶ್ರಮ. ಶುದ್ಧ ಬೆಳ್ಳಿಯ ಬೆಲೆಯಲ್ಲಿ ನೂರಕ್ಕೆ ಮೂರರಿಂದ ಆರರವರೆಗೆ ಬಿಟ್ಟುಕೊಡುವುದು ನನ್ನ ಮನಸ್ಸಿಗೆ ನ್ಯಾಯವೆಂದೇ ತೋರುತ್ತದೆ. ಹತ್ತು ದಾಟಿದರೆ ನಾನು ಎದ್ದು ಬರುತ್ತೇನೆ.

ಎಲ್ಲ ವರ್ತಕರೂ ಕರಗಿಸುವುದಕ್ಕೇ ಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಾಗಿತ್ತು. ದೀಪಾವಳಿಯ ಲಕ್ಷ್ಮೀಪೂಜೆಗೆ, ಮದುವೆಯ ಉಡುಗೊರೆಗೆ, ತೊಟ್ಟಿಲ ಶಾಸ್ತ್ರಕ್ಕೆ ಹಳೆಯ ಬೆಳ್ಳಿ ರೂಪಾಯಿಯನ್ನೇ ಬೇಕೆಂದು ಕೇಳಿ ಕೊಳ್ಳುವವರಿದ್ದಾರೆ. ಇಂಥ ಗಿರಾಕಿಗಳಿರುವ ಅಂಗಡಿಯವರು ನಾಣ್ಯವನ್ನು ಹಾಗೆಯೇ ಇಟ್ಟು ಬಿಡಿಯಾಗಿ, ಲೋಹದ ಬೆಲೆಗಿಂತ ಹೆಚ್ಚಿಗೆ ಮಾರುತ್ತಾರೆ. ಆದ್ದರಿಂದ ಅವರು ಮುಖ ಸ್ಪಷ್ಟವಾಗಿರುವ, ಕೊಂಡಿ ಬೆಸೆಯದ ರೂಪಾಯಿಗೆ ಕರಗಿಸುವವರಿಗಿಂತ ಹೆಚ್ಚು ಕೊಡಬಲ್ಲರು. ಸರಕ್ಕೆ ಪೋಣಿಸಲು ಕೊಂಡಿ ಹಾಕಿಸಿದ ನಾಣ್ಯದಲ್ಲಿ ಬೆಸುಗೆಯ ಲೋಹವೂ ತೂಕಕ್ಕೆ ಸೇರುತ್ತದೆ, ಅದರ ಶುದ್ಧತೆ ನಾಣ್ಯದಷ್ಟಿರುವುದಿಲ್ಲ. ಅದಕ್ಕೆ ಸ್ವಲ್ಪ ಕಳೆಯುವುದು ಸರಿಯೇ.

ಪರೀಕ್ಷೆಯ ವಿಷಯದಲ್ಲಿ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ: ಬೆಲೆ ಒಪ್ಪಿಗೆಯಾಗುವ ಮೊದಲು ಏನನ್ನೂ ಕರಗಿಸಲು ಬಿಡುವುದಿಲ್ಲ. ಕರಗಿಸಿದ ಮೇಲೆ ಅದು ಯಾವ ಇಸವಿಯ ನಾಣ್ಯವೆಂದು ತೋರಿಸಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ, ಗಟ್ಟಿಯ ಮುಂದೆ ನಿಂತು ವಾದ ಮಾಡಲಾಗದು. ಈಗ ಅನೇಕ ಅಂಗಡಿಗಳಲ್ಲಿ ಎಕ್ಸ್‌-ರೇ ಕಿರಣದಿಂದ ಶುದ್ಧತೆ ಅಳೆಯುವ ಯಂತ್ರವಿದೆ, ಹಾಲ್‌ಮಾರ್ಕ್ ಕೇಂದ್ರಗಳಲ್ಲೂ ಸ್ವಲ್ಪ ಶುಲ್ಕಕ್ಕೆ ಪರೀಕ್ಷೆ ಮಾಡಿಕೊಡುತ್ತಾರೆ. ಆ ಯಂತ್ರ ನೋಡುವುದು ನಾಣ್ಯದ ಮೇಲ್ಪದರವನ್ನು ಮಾತ್ರ. ಅರ್ಧ ಬೆಳ್ಳಿಯ ನಾಣ್ಯದ ಮೇಲ್ಪದರದಲ್ಲಿ ತಾಮ್ರ ಕಳೆದು ಬೆಳ್ಳಿ ಹೆಚ್ಚಿರುವುದುಂಟು, ಹಾಗಾಗಿ ಯಂತ್ರ 50ಕ್ಕಿಂತ ಹೆಚ್ಚು ತೋರಿಸಿದರೆ ನಾವು ಹಿಗ್ಗಬಾರದು. ಅದೇ ರೀತಿ ಕೊಳೆ ಕಟ್ಟಿದ ರಾಣಿ ರೂಪಾಯಿಗೆ ಯಂತ್ರ 88 ಎಂದರೆ ಕುಗ್ಗಬೇಕಾಗಿಲ್ಲ, ಎರಡು ಮೂರು ಜಾಗದಲ್ಲಿ ಅಳೆಯಿರೆಂದು ಕೇಳಬಹುದು. ಟಂಕಸಾಲೆಯ ಅಸಲಿ ನಾಣ್ಯದ ಶುದ್ಧತೆ ಕಾನೂನಿನಿಂದ ನಿಗದಿಯಾದದ್ದು. ಪರೀಕ್ಷೆ ಬೇಕಾಗಿರುವುದು ಮುಖ್ಯವಾಗಿ ಅದು ಅಸಲಿಯೇ ಎಂದು ತಿಳಿಯಲು.

ನಕಲಿಗಳೂ ಬೇಕಾದಷ್ಟಿವೆ. 1818ರ ಇಸವಿ ಹಾಕಿ, ಒಂದು ಬದಿಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರನ್ನೂ ಇನ್ನೊಂದು ಬದಿಗೆ ರಾಮ, ಸೀತೆ, ಹನುಮಂತರ ಚಿತ್ರವನ್ನೂ ಒತ್ತಿದ ಬಿಲ್ಲೆಗಳನ್ನು ಲಕ್ಷಾಂತರ ರೂಪಾಯಿ ಬಾಳುವುದೆಂದು ನಂಬಿಕೊಂಡವರನ್ನು ನಾನು ಕಂಡಿದ್ದೇನೆ. ಕಂಪನಿ ಅಂಥ ನಾಣ್ಯವನ್ನು ಅಚ್ಚು ಹಾಕಿಯೇ ಇಲ್ಲ. ಹಾಗೆಯೇ ‘ಈ ಹಳೇ ನಾಣ್ಯ ಇದ್ದರೆ ಲಕ್ಷ ರೂಪಾಯಿ’ ಎಂದು ಫೋನಿಗೆ ಬರುವ ಜಾಹೀರಾತುಗಳು ಮೊದಲು ನೋಂದಣಿ ಶುಲ್ಕವನ್ನೋ ತೆರಿಗೆಯನ್ನೋ ಕಟ್ಟಿಸಿಕೊಂಡು ಮಾಯವಾಗುತ್ತವೆ. ತನ್ನ ಹೆಸರು ಬಳಸಿ ಹೀಗೆ ಶುಲ್ಕ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಪ್ರಕಟಣೆಯನ್ನೇ ಹೊರಡಿಸಿತು. ನಾಣ್ಯ ಮಾರುವವನು ಮೊದಲು ಹಣ ಕಟ್ಟಬೇಕಾದ ವ್ಯಾಪಾರ ಯಾವುದೂ ಇಲ್ಲ.

ಆದರೆ ಲೋಹದ ಬೆಲೆಯನ್ನು ಮೀರಿದ ನಾಣ್ಯಗಳು ನಿಜವಾಗಿಯೂ ಇವೆ, ಅವನ್ನು ತೂಕದ ತಟ್ಟೆಗೆ ಹಾಕುವ ಮೊದಲೇ ಹುಡುಕಿ ತೆಗೆಯಬೇಕು. ನಾನು ತೆಗೆದಿಟ್ಟ ನಾಣ್ಯ 1911ರದ್ದು, ಐದನೆಯ ಜಾರ್ಜ್‌ನ ಮೊದಲ ಇಸವಿಯ ರೂಪಾಯಿ. ರಾಜನ ಮೇಲಂಗಿಯ ಮೇಲೆ ಪದಕಮಾಲೆಯ ಭಾಗವಾಗಿ ಒಂದು ಪುಟ್ಟ ಆನೆಯ ಆಕೃತಿಯಿದೆ. ಅದರ ಸೊಂಡಿಲು ಮೊಟಕಾಗಿ ಅಚ್ಚಾದ್ದರಿಂದ ನೋಡುವವರಿಗೆ ಹಂದಿಯಂತೆ ಕಂಡು ಜನರಲ್ಲಿ ಅಸಮಾಧಾನ ಹುಟ್ಟಿತು. ನಾಣ್ಯವನ್ನು ಹಿಂದಕ್ಕೆ ಪಡೆದು, 1912ರಿಂದ ಸೊಂಡಿಲನ್ನು ಉದ್ದ ಮಾಡಿದ ಹೊಸ ಅಚ್ಚು ಬಂತು. ಭೂತಗನ್ನಡಿಯಲ್ಲಿ 1911ರ ನಾಣ್ಯವನ್ನೂ 1918ರದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಆ ವ್ಯತ್ಯಾಸ ನಮಗೂ ಕಂಡಿತು: ಒಂದರಲ್ಲಿ ಮೂತಿ, ಇನ್ನೊಂದರಲ್ಲಿ ಸೊಂಡಿಲು. ಸಂಗ್ರಾಹಕರು ಈ ನಾಣ್ಯಕ್ಕೆ ಬೆಳ್ಳಿಯ ಬೆಲೆಗಿಂತ ಹಲವು ಪಾಲು ಹೆಚ್ಚು ಕೊಡುತ್ತಾರೆ. 1939ರ ರೂಪಾಯಿ ಅದಕ್ಕಿಂತಲೂ ಎಷ್ಟೋ ಅಪರೂಪ. ಅದಕ್ಕೆಂದೇ ಅದರ ನಕಲುಗಳೂ ಹೆಚ್ಚು, ತಜ್ಞರಿಗೆ ತೋರಿಸದೆ ಅದನ್ನು ನಂಬಲೂಬಾರದು, ಮಾರಲೂಬಾರದು. 1921 ಮತ್ತು 1922ರ ರೂಪಾಯಿಗಳನ್ನೂ ಬೇರೆ ಇಡುವುದು ಒಳ್ಳೆಯದು. 1912ರಿಂದ 1920ರವರೆಗಿನವು ಬಹಳ ಸಾಮಾನ್ಯ, ಅವುಗಳಿಗೆ ಹೆಚ್ಚಿನ ಆಸೆ ಇಟ್ಟುಕೊಳ್ಳಬೇಕಾಗಿಲ್ಲ.

ಇಲ್ಲಿ ಕೈಮುಗಿದು ಕೇಳಿಕೊಳ್ಳುವುದೊಂದಿದೆ. ಮಾರುವ ಮೊದಲು ನಾಣ್ಯಗಳನ್ನು ತೊಳೆದು ಬೆಳಗಬೇಡಿ. ಹುಣಸೆಹಣ್ಣು, ವಿಭೂತಿ, ಪೀತಾಂಬರಿ ಪುಡಿ, ಟೂತ್‌ಪೇಸ್ಟ್, ಇವು ಯಾವುವೂ ಬೇಡ. ಲೋಹದ ಬೆಲೆಗೆ ಹೋಗುವ ನಾಣ್ಯಕ್ಕೆ ಹೊಳಪಿನಿಂದ ಒಂದು ಪೈಸೆಯೂ ಹೆಚ್ಚುವುದಿಲ್ಲ, ಉಜ್ಜಿದಷ್ಟೂ ತೂಕ ಇಳಿಯುತ್ತದೆ. ಸಂಗ್ರಾಹಕರಿಗೆ ಹೋಗುವ ನಾಣ್ಯದ ಮೇಲಿನ ಆ ಕಂದು ನೀಲಿ ಬಣ್ಣವೇ ಅದು ಮುಟ್ಟದೆ ಉಳಿದಿದೆ ಎಂಬುದಕ್ಕೆ ಸಾಕ್ಷಿ. ಉಜ್ಜಿದ ಗೀರುಗಳು ಭೂತಗನ್ನಡಿಯಲ್ಲಿ ಕೂಡಲೇ ಕಾಣುತ್ತವೆ, ಬೆಲೆ ಬಿದ್ದುಹೋಗುತ್ತದೆ.

ಕಡೆಗೆ ನಾವು ಮಾರಿದ್ದು ಬೆಂಗಳೂರಿನಲ್ಲಿ. ಅವೆನ್ಯೂ ರಸ್ತೆ, ನಗರ್ತಪೇಟೆಯ ಸುತ್ತಮುತ್ತ ಬೆಳ್ಳಿಯ ಅಂಗಡಿಗಳು ಒತ್ತಾಗಿರುವುದರಿಂದ ಒಂದೇ ಮಧ್ಯಾಹ್ನ ಮೂರು ಅಂಗಡಿಗಳನ್ನು ನೋಡಲಾಯಿತು. ನಾಣ್ಯಗಳನ್ನು ಮೂರು ಬಟ್ಟೆಯ ಚೀಲಗಳಲ್ಲಿ ಕಟ್ಟಿ, ಪ್ರತಿ ಚೀಲಕ್ಕೂ ಎಣಿಕೆ, ತೂಕ, ಶುದ್ಧತೆ, ಶುದ್ಧ ಬೆಳ್ಳಿ ಎಂದು ನಾಲ್ಕು ಅಂಕಿಗಳ ಚೀಟಿ ಹಾಕಿದ್ದೆ. ಮೊದಲನೆಯವರು ಚೀಟಿಯನ್ನು ಓದದೆ ಎಲ್ಲವನ್ನೂ ಒಟ್ಟಿಗೆ ಸುರಿಯಲು ಹೋದರು, ನಾನು ಬೇಡವೆಂದೆ, ಮಾತು ಅಲ್ಲಿಗೇ ಮುಗಿಯಿತು. ಎರಡನೆಯವರು ಲೆಕ್ಕವನ್ನು ಒಪ್ಪಿ ಶುದ್ಧ ಬೆಳ್ಳಿಗೆ ನೂರಕ್ಕೆ 93 ಎಂದರು. ಮೂರನೆಯ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಚೀಟಿಯನ್ನು ಎರಡು ಸಲ ಓದಿ, ತಮ್ಮ ತಕ್ಕಡಿಯ ಪರದೆಯನ್ನು ನನ್ನ ಕಡೆ ತಿರುಗಿಸಿ, ಸೊನ್ನೆ ತೋರಿಸಿ, ಒಂದೊಂದೇ ಚೀಲವನ್ನು ತೂಗಿದರು. ಅವರ ತೂಕಕ್ಕೂ ನಮ್ಮ ತೂಕಕ್ಕೂ ಎಲ್ಲ ಸೇರಿ 0.2 ಗ್ರಾಂ ವ್ಯತ್ಯಾಸ ಬಂತು, ಅದನ್ನು ಅವರು ನಮ್ಮ ಕಡೆಗೇ ಬಿಟ್ಟರು. ಆಮೇಲೆ ಒಂದು ರಾಣಿ ರೂಪಾಯಿಯನ್ನು ಎತ್ತಿ, ಹೆಬ್ಬೆರಳಿನ ಉಗುರಿನಿಂದ ಮೀಟಿ ಕಿವಿಯ ಬಳಿ ಹಿಡಿದು ಆ ನಾದವನ್ನು ಕೇಳಿದರು. “ಇವು ಪೂಜೆಗೆ ಹೋಗುತ್ತವೆ, ಕರಗಿಸುವುದಿಲ್ಲ” ಎಂದರು. ಅಮ್ಮನಿಗೆ ಆ ಮಾತಿನಿಂದಲೇ ಅರ್ಧ ಸಮಾಧಾನವಾಯಿತು. ಆ 38ಕ್ಕೆ ನೂರಕ್ಕೆ 98ರಂತೆ, ಅರ್ಧ ಬೆಳ್ಳಿಯವಕ್ಕೂ ಗಾಂಧಿ ನಾಣ್ಯಕ್ಕೂ 95ರಂತೆ ಕೊಟ್ಟರು. ನಮ್ಮ ನೂರು ರೂಪಾಯಿಯ ಲೆಕ್ಕಕ್ಕೆ ಇಳಿಸಿದರೆ 48,772 ರೂಪಾಯಿ. ಮೊದಲ ಅಂಗಡಿಗಿಂತ 13,033 ಹೆಚ್ಚು.

ತಕ್ಕಡಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. ವ್ಯಾಪಾರದ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರಿಶೀಲನೆಯ ಮುದ್ರೆ ಇರಬೇಕು, ಅದನ್ನು ತೋರಿಸಿ ಎಂದು ಕೇಳುವುದು ಅವಮಾನವಲ್ಲ. ಇನ್ನು, ಹಳೆಯ ಬೆಳ್ಳಿಯನ್ನು ಮಾರುವ ಮನೆಯವರಿಂದ “ಮೂರು ಪರ್ಸೆಂಟ್ ಜಿಎಸ್‌ಟಿ” ಎಂದು ಹಿಡಿದುಕೊಳ್ಳಲು ಬರುವುದಿಲ್ಲ. ವ್ಯಾಪಾರವಾಗಿ ಮಾಡದೆ ತಮ್ಮ ಹಳೆಯ ಒಡವೆಯನ್ನು ಮಾರುವ ವ್ಯಕ್ತಿಗೆ ಆ ತೆರಿಗೆ ಅನ್ವಯಿಸದು ಎಂದು ಕೇಂದ್ರ ಹಣಕಾಸು ಸಚಿವಾಲಯ 2017ರ ಜುಲೈನಲ್ಲೇ ಸ್ಪಷ್ಟಪಡಿಸಿದೆ. ಹಣವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಂಡು, ಪ್ರತಿ ಗುಂಪಿನ ತೂಕ, ಶುದ್ಧತೆ, ದರ ಬರೆದ ರಸೀದಿ ಪಡೆಯಬೇಕು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆದರೆ ದಂಡ ಬೀಳುವುದು ಪಡೆದವರಿಗೇ.

ಆದಾಯ ತೆರಿಗೆಯ ಬಗ್ಗೆ ಮನೆಗಳಲ್ಲಿ ಒಂದು ತಪ್ಪು ಕಲ್ಪನೆ ಇದೆ, ಪೂಜೆಯ ನಾಣ್ಯಗಳು ಸ್ವಂತ ಬಳಕೆಯ ವಸ್ತುಗಳಾದ್ದರಿಂದ ತೆರಿಗೆ ಇಲ್ಲವೆಂದು. ಲಕ್ಷ್ಮೀಪೂಜೆಗೆ ಇಟ್ಟಿದ್ದ ಚಿನ್ನ ಬೆಳ್ಳಿಯ ನಾಣ್ಯಗಳ ವಿಷಯವಾಗಿ ಒಬ್ಬ ಮಾಜಿ ಮಹಾರಾಜರು ಇದೇ ವಾದವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದಿದ್ದರು, 1976ರಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಬೆಳ್ಳಿಯ ಲಾಭಕ್ಕೆ 2024ರ ಜುಲೈ 23ರಿಂದ ನೂರಕ್ಕೆ 12.5ರ ದರ ಬಂದಿದೆ. ಹಿರಿಯರಿಂದ ಬಂದದ್ದಾದರೆ ಅವರು ಇಟ್ಟುಕೊಂಡಿದ್ದ ಕಾಲವೂ ಎಣಿಕೆಗೆ ಬರುತ್ತದೆ, ಮತ್ತು 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಅಸಲು ಎಂದು ಹಿಡಿಯಬಹುದು. ದೊಡ್ಡ ಮೊತ್ತವಾದರೆ ಲೆಕ್ಕ ಪರಿಶೋಧಕರನ್ನು ಕೇಳಿಯೇ ಮುಂದುವರಿಯಬೇಕು.

ಇತ್ತೀಚೆಗೆ ಕೊಂಡ ಲಕ್ಷ್ಮಿ, ಗಣೇಶರ ಬೆಳ್ಳಿ ಬಿಲ್ಲೆಗಳ ಲೆಕ್ಕ ಸರಳ. 999 ಎಂದು ಮುದ್ರೆಯಿದ್ದು ಪ್ಲಾಸ್ಟಿಕ್ ಹೊದಿಕೆಯಲ್ಲೇ ಇದ್ದರೆ ಅದನ್ನು ಬಿಚ್ಚದೆ, ಕೊಂಡ ಬಿಲ್ಲಿನೊಂದಿಗೆ ಕೊಂಡ ಅಂಗಡಿಗೇ ಮೊದಲು ಒಯ್ಯಬೇಕು. ಕೊಳ್ಳುವಾಗ ಕೊಟ್ಟ ಮಜೂರಿ ಮತ್ತು ತೆರಿಗೆ ಮಾತ್ರ ಹಿಂದಿರುಗುವುದಿಲ್ಲ. ಮುದ್ರೆಯೇ ಇಲ್ಲದ ಬಿಲ್ಲೆಗಳನ್ನು ಪರೀಕ್ಷೆ ಮಾಡಿಸದೆ ಬೆಳ್ಳಿಯೆಂದು ಎಣಿಸಬಾರದು.

ವಿದೇಶದಲ್ಲಿರುವ ಮಕ್ಕಳು ‘ಇಲ್ಲಿ ಹೆಚ್ಚು ಬೆಲೆ ಬರುತ್ತದೆ, ತನ್ನಿ’ ಎಂದು ಹೇಳುವುದನ್ನೂ ಕೇಳಿದ್ದೇನೆ. ನೂರು ವರ್ಷ ತುಂಬಿದ ನಾಣ್ಯಗಳು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತುಗಳು, ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಐದನೆಯ ಜಾರ್ಜ್‌ನ 1922ರವರೆಗಿನ ರೂಪಾಯಿಗಳೆಲ್ಲ ಈಗ ಆ ವಯಸ್ಸನ್ನು ದಾಟಿವೆ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ನಾಣ್ಯವೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ.

1911ರ ನಾಣ್ಯವನ್ನು ನಾವು ಇನ್ನೂ ಮಾರಿಲ್ಲ. ಬೆಂಗಳೂರಿನಲ್ಲಿ ನಡೆದ ಒಂದು ನಾಣ್ಯ ಪ್ರದರ್ಶನಕ್ಕೆ ಒಯ್ದು ಇಬ್ಬರು ಸಂಗ್ರಾಹಕರಿಗೆ ತೋರಿಸಿದೆ. ಇಬ್ಬರೂ ಅಸಲಿ ಎಂದರು, ಇಬ್ಬರೂ ಬೇರೆ ಬೇರೆ ಬೆಲೆ ಹೇಳಿದರು, ಹೆಚ್ಚು ಹೇಳಿದವರು ಅಂಚಿನಲ್ಲಿರುವ ಒಂದು ಸಣ್ಣ ತಗ್ಗನ್ನು ತೋರಿಸಿ ಅದಿಲ್ಲದಿದ್ದರೆ ಇನ್ನೂ ಕೊಡುತ್ತಿದ್ದೆನೆಂದರು. ಮನೆಯ ಕೆಲಸಕ್ಕೆ ಬೇಕಾದ ಹಣ ಕೂಡಿದ್ದರಿಂದ ಅಮ್ಮ ಅದನ್ನು ಇಟ್ಟುಕೊಳ್ಳೋಣ ಎಂದಳು. ಈ ಸಲದ ವರಮಹಾಲಕ್ಷ್ಮಿ ಪೂಜೆಗೆ ಅದನ್ನು ಕಳಶದ ಪಕ್ಕದಲ್ಲಿ, ಕಾಗದದ ಲಕೋಟೆಯಿಂದ ತೆಗೆಯದೆ, ಅರಿಶಿನ ಕುಂಕುಮವನ್ನು ಲಕೋಟೆಯ ಮೇಲೆಯೇ ಹಚ್ಚಿ ಇಟ್ಟಿದ್ದಳು.